ಕಂಕನಾಡಿಯ ‘ಓನ್ಲಿ’ ಮತ್ತು ಅದರ ನೆಂಟರು

ಮಂಗಳೂರಿನ ಕಂಕನಾಡಿ ಮಾರ್ಕೆಟ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ನಾಲ್ಕೈದು ಭಾಷೆಗಳು ಕಿವಿಗೆ ಬೀಳುತ್ತವೆ. ಬಂಗುಡೆಗೆ ಚೌಕಾಸಿ ತುಳುವಿನಲ್ಲಿ, ಪಕ್ಕದ ತರಕಾರಿ ಅಂಗಡಿಯಲ್ಲಿ ಕೊಂಕಣಿ, ಅದರಾಚೆ ಬ್ಯಾರಿ. ಫಾದರ್ ಮುಲ್ಲರ್ ಆಸ್ಪತ್ರೆಗೆ ಕಾಸರಗೋಡಿನ ಕಡೆಯಿಂದ ಬಂದವರ ಮಲಯಾಳ, ಎಲ್ಲರ ನಡುವೆ ಕನ್ನಡ. ಇಷ್ಟರ ಜೊತೆಗೆ ಇಂಗ್ಲಿಷೂ ಇದೆ. ಆ ಇಂಗ್ಲಿಷಿನಲ್ಲಿ ಪದೇ ಪದೇ ಕೇಳಿಬರುವ ಒಂದು ಪುಟ್ಟ ಪದವನ್ನು ಇವತ್ತು ಹಿಡಿದು ನೋಡೋಣ ಮಕ್ಕಳೇ. ಆ ಪದ ‘ಓನ್ಲಿ’.

“ಐ ಆಮ್ ಹಿಯರ್ ಓನ್ಲಿ.” “ಹಿ ಕೇಮ್ ಯೆಸ್ಟರ್‌ಡೇ ಓನ್ಲಿ.” ನೀವೂ ಹೀಗೆ ಹೇಳಿರುತ್ತೀರಿ. ಶಾಲೆಯ ವ್ಯಾಕರಣ ಪುಸ್ತಕ ಇದನ್ನು ಒಪ್ಪುವುದಿಲ್ಲ. ಲಂಡನ್ನಿನವರು ‘ಓನ್ಲಿ ಯೆಸ್ಟರ್‌ಡೇ’ ಅಂದರೆ ‘ಬಂದು ಒಂದು ದಿನವಷ್ಟೇ ಆಯಿತು, ಅದಕ್ಕೂ ಮುಂಚೆ ಬಂದಿರಲಿಲ್ಲ’ ಎಂದು ಅರ್ಥ. ನಮ್ಮ ‘ಯೆಸ್ಟರ್‌ಡೇ ಓನ್ಲಿ’ ಹೇಳುವುದು ಬೇರೆ: ಅವನು ಬಂದದ್ದು ನಿನ್ನೆಯೇ, ಅನುಮಾನ ಬೇಡ. ಪದ ಒಂದೇ, ಆದರೆ ಇಲ್ಲಿಗೆ ಬಂದು ಅದು ಇನ್ನೊಂದು ಕೆಲಸವನ್ನೂ ಕಲಿತುಕೊಂಡಿದೆ. ಕಲಿಸಿದವರು ಯಾರು?

ಪದದ ತುದಿಯ ‘ಏ’

ಒಂದು ಸಣ್ಣ ಪ್ರಯೋಗ ಮಾಡಿ. ‘ಅಕ್ಕ ನಿನ್ನೆ ಕಂಕನಾಡಿಯಲ್ಲಿ ಮಲ್ಲಿಗೆ ಕೊಂಡಳು’ ಎಂಬ ವಾಕ್ಯ ಬರೆದುಕೊಳ್ಳಿ. ಈಗ ಒಂದೊಂದೇ ಪದದ ಕೊನೆಗೆ ‘ಏ’ ಸೇರಿಸುತ್ತಾ ಹೋಗಿ. ‘ಅಕ್ಕನೇ’ ಅಂದರೆ ಕೊಂಡವಳು ಅಕ್ಕ, ಅಮ್ಮ ಅಲ್ಲ. ‘ನಿನ್ನೆಯೇ’ ಅಂದರೆ ಮೊನ್ನೆ ಅಲ್ಲ. ‘ಕಂಕನಾಡಿಯಲ್ಲೇ’ ಅಂದರೆ ಹಂಪನಕಟ್ಟೆಯಲ್ಲಿ ಅಲ್ಲ. ‘ಮಲ್ಲಿಗೆಯನ್ನೇ’ ಅಂದರೆ ಸೇವಂತಿಗೆ ಅಲ್ಲ. ಉಳಿದ ಪದಗಳೆಲ್ಲ ಇದ್ದಲ್ಲೇ ಇದ್ದವು. ಒಂದು ಅಕ್ಷರ ಜಾಗ ಬದಲಿಸಿದಂತೆ ಮಾತಿನ ಒತ್ತು ಬೇರೆ ಬೇರೆ ಕಡೆ ಬಿತ್ತು.

ಈಗ ಅಕ್ಕಪಕ್ಕದ ಭಾಷೆಗಳನ್ನು ಕೇಳಿ. ತುಳುವಿನಲ್ಲಿ ಇಲ್ಲಿ ಎನ್ನಲು ‘ಮುಲ್ಪ’, ಇಲ್ಲೇ ಎನ್ನಲು ‘ಮುಲ್ಪನೇ’. ಕೊಂಕಣಿಯಲ್ಲಿ ‘ಹಾಂಗಾ’, ‘ಹಾಂಗಾಚ್’. ಮಲಯಾಳದಲ್ಲಿ ‘ಇವಿಡೆ’, ‘ಇವಿಡೆ ತನ್ನೆ’. ಹಿಂದಿಯಲ್ಲಿ ‘ಯಹಾಂ’, ‘ಯಹೀಂ’. ಒಂದರಲ್ಲಿ ‘ಏ’, ಇನ್ನೊಂದರಲ್ಲಿ ‘ಚ್’, ಮತ್ತೊಂದರಲ್ಲಿ ‘ತನ್ನೆ’. ರೂಪ ಬೇರೆಯಾದರೂ ಕೂರುವ ಜಾಗ ಮಾತ್ರ ಎಲ್ಲ ಕಡೆ ಒಂದೇ: ಒತ್ತಿ ಹೇಳಬೇಕಾದ ಪದದ ಕೊನೆಯಲ್ಲಿ.

ಇಂಥ ಭಾಷೆಗಳನ್ನು ಆಡುತ್ತಾ ಬೆಳೆದವರು ಇಂಗ್ಲಿಷ್ ಮಾತಾಡುವಾಗ ‘ಏ’ ಕೂರಿಸುವ ಜಾಗದಲ್ಲಿ ‘ಓನ್ಲಿ’ಯನ್ನು ಕೂರಿಸುತ್ತಾರೆ. ಮಂಗಳೂರಿನಲ್ಲಷ್ಟೇ ಅಲ್ಲ, ಭಾರತದ ಉದ್ದಗಲಕ್ಕೂ ಹೀಗೆ ಹೇಳುವವರಿದ್ದಾರೆ. ಭಾಷಾವಿಜ್ಞಾನಿಗಳು ಇದನ್ನು ಭಾರತೀಯ ಇಂಗ್ಲಿಷಿನ ಒಂದು ಗುಣವೆಂದೇ ಗುರುತಿಸಿ ಅಭ್ಯಾಸ ಮಾಡಿದ್ದಾರೆ. ಪರೀಕ್ಷೆಯಲ್ಲಿ ಪುಸ್ತಕದ ಇಂಗ್ಲಿಷನ್ನೇ ಬರೆಯಿರಿ. ಆದರೆ ‘ಹಿಯರ್ ಓನ್ಲಿ’ ಎಂದವರನ್ನು ನೋಡಿ ನಗಬೇಡಿ. ಅವರ ಮಾತಿಗೂ ನಿಯಮವಿದೆ, ಆ ನಿಯಮ ಅವರ ತಾಯ್ನುಡಿಯದ್ದು.

‘ಓನ್ಲಿ’ಯನ್ನು ಬಿಡಿಸಿದರೆ

ಇನ್ನು ಪದದ ಒಳಗೆ ಇಳಿಯೋಣ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದರ ರೂಪ ‘ಆನ್‌ಲೀಚ್’. ‘ಆನ್’ ಎಂದರೆ ಒಂದು. ‘ಲೀಚ್’ ಎಂದರೆ ಮೈ, ಆಕಾರ. ಎರಡೂ ಸೇರಿ ‘ಒಂದರ ರೂಪದ್ದು’, ‘ತನ್ನಂಥದ್ದು ಇನ್ನೊಂದಿಲ್ಲದ್ದು’ ಎಂಬ ಅರ್ಥ ಬರುತ್ತಿತ್ತು. ಮೈ ಎನ್ನುವ ಆ ‘ಲೀಚ್’ ಸವೆದು ಸವೆದು ಇವತ್ತಿನ ‘ಲಿ’ ಆಗಿದೆ. ‘ಸ್ಲೋಲಿ’, ‘ಕ್ವಿಕ್ಲಿ’, ‘ಫ್ರೆಂಡ್ಲಿ’ ಎಲ್ಲದರ ಕೊನೆಯಲ್ಲೂ ಇರುವುದು ಅದೇ. ಇಂಗ್ಲಿಷಿನ ನೆಂಟ ಭಾಷೆಯಾದ ಜರ್ಮನ್‌ನಲ್ಲಿ ಹೆಣಕ್ಕೆ ಇಂದಿಗೂ ‘ಲೈಖೆ’ ಎನ್ನುತ್ತಾರೆ. ಅದೂ ಆ ಹಳೆಯ ಮೈಯೇ.

ಸ್ವತಂತ್ರವಾಗಿದ್ದ ಪದವೊಂದು ಸವೆದು ಇನ್ನೊಂದರ ಬಾಲವಾಗುವುದು ಅನೇಕ ಭಾಷೆಗಳಲ್ಲಿ ನಡೆಯುತ್ತದೆ. ಫ್ರೆಂಚ್‌ನವರು ‘ಸ್ಲೋಲಿ’ಯಂಥ ಪದಗಳ ಕೊನೆಗೆ ಸೇರಿಸುವ ‘ಮಾಂ’ ಮೊದಲು ಲ್ಯಾಟಿನ್‌ನ ‘ಮೆಂತೆ’, ಅಂದರೆ ‘ಮನಸ್ಸಿನಿಂದ’. ನಾವು ‘ಚೆನ್ನಾಗಿ’, ‘ಜೋರಾಗಿ’, ‘ನಿಧಾನವಾಗಿ’ ಎನ್ನುವಾಗ ಕೊನೆಯಲ್ಲಿ ಬರುವ ‘ಆಗಿ’ ಏನು ಹೇಳಿ? ‘ಆಗು’ ಎಂಬ ಕ್ರಿಯಾಪದ! ಇಂಗ್ಲಿಷ್ ಮೈಯನ್ನು ಬಳಸಿಕೊಂಡಿತು, ಫ್ರೆಂಚ್ ಮನಸ್ಸನ್ನು, ಕನ್ನಡ ಆಗುವುದನ್ನು.

ಇಲ್ಲಿ ಇನ್ನೊಂದು ಒಗಟು ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಕೆ ‘ವನ್’ ಎನ್ನುತ್ತಾರೆ. ಆದರೆ ಅದೇ ಒಂದು ಒಳಗಿರುವ ‘ಓನ್ಲಿ’ಯಲ್ಲಿ ‘ವ’ ಇಲ್ಲ. ಹಿಂದೆ ಎರಡರಲ್ಲೂ ‘ಓನ್’ ಎಂಬ ಉಚ್ಚಾರವೇ ಇತ್ತು. ಇಂಗ್ಲೆಂಡಿನ ಕೆಲವು ಕಡೆಯ ಆಡುಮಾತಿನಲ್ಲಿ ‘ಓನ್’ ಎಂಬುದು ‘ವನ್’ ಆಯಿತು, ನಿಧಾನವಾಗಿ ಅದೇ ಎಲ್ಲೆಡೆ ಹರಡಿತು. ‘ಓನ್ಲಿ’ಯೊಳಗೆ ಸೇರಿಕೊಂಡಿದ್ದ ಒಂದಕ್ಕೆ ಆ ಗಾಳಿ ತಾಗಲಿಲ್ಲ. ‘ಅಲೋನ್’ ಅಂದರೆ ‘ಆಲ್’ ಮತ್ತು ‘ವನ್’ ಸೇರಿದ್ದು. ಅದರಲ್ಲೂ ಹಳೆಯ ಉಚ್ಚಾರ ಹಾಗೆಯೇ ಉಳಿದಿದೆ.

‘ವನ್’ ಮತ್ತು ‘ಒಂದು’ ನೆಂಟರೇ?

ಈಗ ನಿಮ್ಮ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ‘ಓನ್’ ಎಂದರೂ ಒಂದು, ನಮ್ಮದೂ ‘ಒಂದು’. ತುಳುವಿನಲ್ಲಿ ‘ಒಂಜಿ’, ಮಲಯಾಳದಲ್ಲಿ ‘ಒನ್ನ್’. ಹಾಗಾದರೆ ಇಂಗ್ಲಿಷೂ ಕನ್ನಡವೂ ಒಂದೇ ಮನೆತನವೇ?

ಅಲ್ಲ. ಇದು ಬರೀ ಕಾಕತಾಳೀಯ. ಇಲ್ಲಿಂದಲೇ ಭಾಷೆಯ ವಿಜ್ಞಾನ ಶುರುವಾಗುವುದು. ಎರಡು ಪದಗಳು ಕಿವಿಗೆ ಒಂದೇ ಥರ ಕೇಳಿಸಿದರೆ ಅವು ನೆಂಟರೆಂದು ಹೇಳಲು ಬರುವುದಿಲ್ಲ. ಒಂದು ಭಾಷೆಯ ಧ್ವನಿ ಇರುವ ಕಡೆ ಇನ್ನೊಂದು ಭಾಷೆಯಲ್ಲಿ ಇಂಥದೇ ಧ್ವನಿ ಬರುತ್ತದೆ ಎಂಬ ಕ್ರಮ ಮತ್ತೆ ಮತ್ತೆ ಕಾಣಬೇಕು. ಹಳೆಯ ರೂಪಗಳೂ ಸಾಕ್ಷಿ ಹೇಳಬೇಕು.

ಕನ್ನಡ, ತುಳು ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿ. ಹುಲಿ, ಪಿಲಿ. ಹತ್ತು, ಪತ್ತ್. ಹೂ, ಪೂ. ಕನ್ನಡದ ‘ಹ’ಕ್ಕೆ ತುಳುವಿನಲ್ಲಿ ‘ಪ’. ಹಳಗನ್ನಡದಲ್ಲಿ ಇವು ಪುಲಿ, ಪತ್ತು, ಪೂ ಎಂದೇ ಇದ್ದವು. ಕನ್ನಡ ಬದಲಾಯಿತು, ತುಳು ಹಳೆಯ ‘ಪ’ವನ್ನು ಬಿಡಲಿಲ್ಲ. ಇನ್ನು ಒಂದು, ಒಂಜಿ. ಹಂದಿ, ಪಂಜಿ. ಕನ್ನಡದ ‘ಂದ’ಕ್ಕೆ ತುಳುವಿನಲ್ಲಿ ‘ಂಜ’. ಮಲಯಾಳದಲ್ಲಿ ಇವೇ ಎರಡು ಪದಗಳು ‘ಒನ್ನ್’, ‘ಪನ್ನಿ’. ಮೂರು ಭಾಷೆಗಳಲ್ಲೂ ಕ್ರಮ ಕೂಡಿಬರುತ್ತದೆ. ಇವು ನಿಜವಾದ ನೆಂಟರು.

ಒಳ್ಳೆಯ ವಿಜ್ಞಾನ ಮುಂದೆ ಏನು ಸಿಗಬಹುದೆಂದು ಊಹಿಸಿಯೂ ಹೇಳಬೇಕು. ಮೂರಕ್ಕೆ ತುಳುವಿನಲ್ಲಿ ‘ಮೂಜಿ’. ಹಾಗಾದರೆ ಆರಕ್ಕೆ ಏನಿರಬೇಕು? ತುಳು ಬಾರದವರು ಊಹಿಸಿ, ಆಮೇಲೆ ತುಳು ಬಲ್ಲ ಗೆಳೆಯರನ್ನು ಕೇಳಿ. ಉತ್ತರ ‘ಆಜಿ’!

ಜಾಣರು ಇಲ್ಲಿ ತಡೆದು ಕೇಳುತ್ತಾರೆ: ಹಾಗಾದರೆ ‘ಊರು’ ತುಳುವಿನಲ್ಲಿ ‘ಊಜಿ’ ಆಗಬೇಕಿತ್ತಲ್ಲ? ‘ನೀರು’ ‘ನೀಜಿ’ ಆಗಬೇಕಿತ್ತಲ್ಲ? ಆಗಿಲ್ಲ. ತುಳುವರೂ ‘ಊರು’, ‘ನೀರ್’ ಎಂದೇ ಹೇಳುತ್ತಾರೆ. ಕಾರಣ ಹಳಗನ್ನಡದಲ್ಲಿದೆ. ಆಗ ನಮ್ಮಲ್ಲಿ ಎರಡು ‘ರ’ಗಳಿದ್ದವು. ಒಂದು ಈಗಿನ ‘ರ’. ಇನ್ನೊಂದು ಶಕಟರೇಫ ಎಂದು ಕರೆಯುವ ‘ಱ’. ಮೂಱು, ಆಱು ಎಂದು ಬರೆಯುತ್ತಿದ್ದದ್ದು ಈ ಎರಡನೆಯದರಿಂದ. ಊರು, ನೀರು ಬರೆಯುತ್ತಿದ್ದದ್ದು ಮೊದಲನೆಯದರಿಂದ. ಕನ್ನಡದ ನಾಲಿಗೆಯಲ್ಲಿ ಆ ಎರಡೂ ಬೆರೆತುಹೋಗಿ ಒಂದೇ ಆದವು. ತುಳುವಿನಲ್ಲಿ ಅವು ಬೆರೆಯಲಿಲ್ಲ. ಕನ್ನಡದ ಅಕ್ಷರಮಾಲೆಯಿಂದ ಮರೆಯಾದ ಒಂದು ಧ್ವನಿಯ ಗುರುತನ್ನು ಕಂಕನಾಡಿಯ ಮೀನು ಮಾರುವ ಅಜ್ಜಿ ಮೂರು, ಆರು ಎಣಿಸುವಾಗ ದಿನವೂ ಉಚ್ಚರಿಸುತ್ತಿದ್ದಾರೆ. ಎಷ್ಟು ದೊಡ್ಡ ಸಂಗತಿ!

ಇನ್ನು ‘ವನ್’ನ ನೆಂಟರು ಯಾರು? ಲ್ಯಾಟಿನ್‌ನ ‘ಊನುಸ್’, ಜರ್ಮನ್‌ನ ‘ಐನ್ಸ್’. ಇವುಗಳ ಜೊತೆ, ಕೇಳಿದರೆ ನಂಬಲಾರಿರಿ, ಸಂಸ್ಕೃತದ ‘ಏಕ’ ಮತ್ತು ಕೊಂಕಣಿಯ ‘ಏಕ್’. ಸಾವಿರಾರು ವರ್ಷಗಳ ಹಿಂದಿನ ಮೂಲಭಾಷೆಯೊಂದರಲ್ಲಿ ‘ಓಯ್’ ಎಂಬ ಬೇರಿಗೆ ಬೇರೆ ಬೇರೆ ಬಾಲಗಳು ಸೇರಿ ಈ ಪದಗಳಾದವು ಎಂಬುದು ವಿದ್ವಾಂಸರ ಲೆಕ್ಕಾಚಾರ. ಈ ಒಂದು ಪದವನ್ನಷ್ಟೇ ನೋಡಿ ಅವರು ಹಾಗೆ ಹೇಳಿದ್ದಲ್ಲ. ಸಂಸ್ಕೃತದ ಪಿತೃ, ಇಂಗ್ಲಿಷಿನ ಫಾದರ್. ಪಾದ, ಫುಟ್. ಪಂಚ, ಫೈವ್. ಸಂಸ್ಕೃತದ ‘ಪ’ಕ್ಕೆ ಇಂಗ್ಲಿಷಿನಲ್ಲಿ ‘ಫ’. ಹೀಗೆ ಕ್ರಮ ಸಾಲುಸಾಲಾಗಿ ಸಿಗುತ್ತದೆ. ಆದ್ದರಿಂದ ಹೋಲುವ ‘ಒಂದು’ ಮತ್ತು ‘ವನ್’ ಪರಕೀಯರು, ಹೋಲದ ‘ಏಕ್’ ಮತ್ತು ‘ವನ್’ ದೂರದ ಬಂಧುಗಳು.

ಬಲ್ಮಠದ ಅಚ್ಚುಕೂಟ

ಈ ರಹಸ್ಯಗಳು ಒಂದೇ ದಿನದಲ್ಲಿ ತಿಳಿದದ್ದಲ್ಲ. 1786ರಲ್ಲಿ ವಿಲಿಯಂ ಜೋನ್ಸ್ ಕೋಲ್ಕತ್ತದ ಸಭೆಯೊಂದರಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದರು. 1816ರಲ್ಲಿ ಮದರಾಸಿನ ಫ್ರಾನ್ಸಿಸ್ ಎಲ್ಲಿಸ್ ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬವೆಂದು ಪುರಾವೆ ಸಮೇತ ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಆ ಕುಟುಂಬದ ವ್ಯಾಕರಣವನ್ನು ವಿಸ್ತಾರವಾಗಿ ಬರೆದರು.

ಆದರೆ ಹೋಲಿಸಿ ನೋಡಲು ಮೊದಲು ಪದಗಳು ಕೈಗೆ ಸಿಗಬೇಕಲ್ಲ! ಆ ಕೆಲಸದಲ್ಲಿ ನಿಮ್ಮ ಊರಿನ ಪಾಲು ದೊಡ್ಡದು. ಕಂಕನಾಡಿಯಿಂದ ಸ್ವಲ್ಪವೇ ದೂರದ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟವಿತ್ತು. ಹರ್ಮನ್ ಗುಂಡರ್ಟ್ ಅವರ ಮಲಯಾಳ ನಿಘಂಟು 1872ರಲ್ಲಿ, ಆಂಜೆಲೊ ಮಫೆಯಿ ಅವರ ಕೊಂಕಣಿ ನಿಘಂಟು 1883ರಲ್ಲಿ, ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬೆಳಕು ಕಂಡದ್ದು ಮಂಗಳೂರಿನಲ್ಲೇ. ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಎಷ್ಟೋ ಪದಗಳ ಮುಂದೆ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರನ್ನೂ ಅವರು ಗುರುತಿಸಿದ್ದಾರೆ. ಕಂಪ್ಯೂಟರು ಇಲ್ಲದ ಕಾಲದಲ್ಲಿ ಜನರ ಬಾಯಿಂದ ಕೇಳಿ, ಓಲೆಗರಿಗಳನ್ನು ಓದಿ, ಇಲ್ಲಿನ ಪಂಡಿತರ ನೆರವು ಪಡೆದು ಮಾಡಿದ ಕೆಲಸವದು.

ಈಗ ನಿಮ್ಮ ಸರದಿ

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆಯಿರಿ: ಕನ್ನಡ, ತುಳು, ಕೊಂಕಣಿ, ಬ್ಯಾರಿ. ಒಂದರಿಂದ ಹತ್ತರವರೆಗಿನ ಎಣಿಕೆ, ಮೈಯ ಭಾಗಗಳು, ಮನೆಯ ಸುತ್ತಲಿನ ಪ್ರಾಣಿಗಳ ಹೆಸರು ಬರೆದುಕೊಳ್ಳಿ. ಗೊತ್ತಿಲ್ಲದ್ದನ್ನು ತರಗತಿಯ ಗೆಳೆಯರ ಮನೆಯಲ್ಲಿ ಕೇಳಿ. ಅವರು ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ, ತಿದ್ದಬೇಡಿ. ಆಮೇಲೆ ಕ್ರಮ ಹುಡುಕಿ. ಒಂದು ಜೋಡಿ ಸಿಕ್ಕಿದರೆ ಅದು ಊಹೆ. ಅದೇ ಕ್ರಮದಲ್ಲಿ ನಾಲ್ಕು ಜೋಡಿ ಸಿಕ್ಕಿದರೆ ಊಹೆಗೆ ಬಲ ಬಂತು. ಕ್ರಮಕ್ಕೆ ಒಗ್ಗದ ಪದ ಬಂದರೆ ಅಳಿಸಬೇಡಿ, ಅದರ ಪಕ್ಕದಲ್ಲಿ ಗುರುತು ಹಾಕಿ. ‘ಊರು’ ‘ಊಜಿ’ ಆಗದ್ದನ್ನು ಯಾರೋ ಗಮನಿಸಿದ್ದರಿಂದಲೇ ಎರಡು ‘ರ’ಗಳ ಕತೆಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ನೀವು ಗುರುತು ಹಾಕಿದ ಪದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿ.