ಆರು ಗೆರೆಯ ಲೆಕ್ಕ



ಬ್ಯಾಂಕಿನ ಲೆಜರಿನಲ್ಲಿ ಆಯುಷ್ಯವೆಲ್ಲ ಅಂಕಿ ಓದಿದವನು ನಾನು. ಅಂಕಿಯಿಂದ ಹಾಡು ಹೊರಡುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹೋದ ದೀಪಾವಳಿಗೆ ಪುಣೆಯಿಂದ ಹರಿಪುರಕ್ಕೆ ಬಂದ ಮೊಮ್ಮಗಳು ಗಿಟಾರ್ ತಂದಿದ್ದಳು, ಜೊತೆಗೊಂದು ಹಾಳೆ. ಹಾಳೆಯ ತುಂಬ ಆರಾರು ಅಡ್ಡಗೆರೆ, ಗೆರೆಗಳ ಮೇಲೆ ಅಂಕಿ. ಇದಕ್ಕೆ ಟ್ಯಾಬ್ಲೇಚರ್ ಎಂದು ಹೆಸರು. ಹುಡುಗರು ಟ್ಯಾಬ್ ಅನ್ನುತ್ತಾರೆ.

ಆರು ಗೆರೆ ಎಂದರೆ ಆರು ತಂತಿ. ಅಂಕಿ ಎಂದರೆ ಎಷ್ಟನೆಯ ಮನೆಯಲ್ಲಿ ಬೆರಳು ಒತ್ತಬೇಕು ಎಂಬುದು. ಸೊನ್ನೆ ಇದ್ದರೆ ಬೆರಳಿಡದೆ ಮೀಟುವುದು. ಎಡದಿಂದ ಬಲಕ್ಕೆ ಓದುತ್ತ ಹೋಗಬೇಕು. ಒಂದರ ಕೆಳಗೊಂದು ಅಂಕಿ ಬಂದರೆ ಕೂಡಿಯೇ ಮೀಟಬೇಕು. ಇಷ್ಟು ಕೇಳಿಕೊಂಡು ಶೂರನಂತೆ ಕೂತೆ. ಹೊರಟದ್ದು ತಗಡಿನ ಸಪ್ಪಳ! ಗಿಟಾರ್ ತೊಡೆಯ ಮೇಲಿದ್ದಾಗ ದಪ್ಪ ತಂತಿ ಮೇಲಿರುತ್ತದೆ. ಹಾಳೆಯಲ್ಲಿ ಅದೇ ತಂತಿ ಎಲ್ಲಕ್ಕೂ ಕೆಳಗಿನ ಗೆರೆ. ನಾನು ಜಮೆಯನ್ನು ಖರ್ಚಿಗೆ ಬರೆದಿದ್ದೆ. ನೀವು ಕಲಿಯುವವರಿದ್ದರೆ ಇದೊಂದನ್ನು ನೆನಪಿಡಿರಿ.

ಸ್ವರ ಬರೆಯುವುದು ನಮ್ಮ ಭಾಗಕ್ಕೆ ಹೊಸದಲ್ಲ. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿ, ಮಿರಜದಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಹತ್ತಿರ ಕಲಿತ ವಿಷ್ಣು ದಿಗಂಬರ ಪಲುಸ್ಕರರು ತಮ್ಮದೇ ಸ್ವರಲಿಪಿ ಮಾಡಿದರು. ಭಾತಖಂಡೆಯವರದು ಇನ್ನೊಂದು. ಅವುಗಳಲ್ಲಿ ಸ್ವರದ ಹೆಸರು ಬರೆಯುತ್ತಾರೆ. ಟ್ಯಾಬಿನಲ್ಲಿ ಬೆರಳಿನ ಜಾಗ. ಒಂದು ಮನೆ ಎಂದರೆ ಅರ್ಧ ಸ್ವರ. ಬಿಟ್ಟ ತಂತಿಯನ್ನು ಸಾ ಎಂದು ಹಿಡಿದರೆ ರೆ 2ರಲ್ಲಿ, ಗ 4, ಮ 5, ಪ 7, ಧ 9, ನಿ 11, ಮೇಲಿನ ಸಾ 12. ಮಿರಜದ ಸಿತಾರದ ಮೆಟ್ಟುಗಳನ್ನು ದಾರದಿಂದ ಕಟ್ಟಿರುತ್ತಾರೆ, ಸರಿಸಬಹುದು. ಗಿಟಾರಿನವು ಕದಲುವುದಿಲ್ಲ. ತಂತಿ ಶ್ರುತಿಯಲ್ಲಿದ್ದರೆ ಅಂಕಿ ಸುಳ್ಳಾಡುವುದಿಲ್ಲ.

ನಾನು ಈ ವಯಸ್ಸಿನಲ್ಲಿ ಇದರ ಬೆನ್ನು ಹತ್ತಿದ್ದಕ್ಕೆ ಕಾರಣ ಬೇರೆ. ನಮ್ಮವ್ವ ಬೀಸುವಾಗ ಹೇಳುತ್ತಿದ್ದ ಕನ್ನಡ ಪದಗಳನ್ನು ಅಕ್ಕ ಒಂದು ನೋಟಬುಕ್ಕಿನಲ್ಲಿ ಬರೆದಿಟ್ಟಿದ್ದಳು. 2019ರ ಮಹಾಪೂರದಲ್ಲಿ ಅದು ಕೃಷ್ಣೆಯ ಪಾಲಾಯಿತು. ಈಗ ಅಕ್ಕನೂ ಇಲ್ಲ. ಒಂದು ಪದದ ಧಾಟಿ ಮಾತ್ರ ನನ್ನ ಬಾಯಲ್ಲಿ ಉಳಿದಿದೆ. ಮೊಮ್ಮಗಳಿಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬಾರದು. ಅಂಕಿ ಬರುತ್ತದಲ್ಲ! ಆರು ಗೆರೆ ಎಳೆದು, ಎರಡು ತಿಂಗಳು ತಿದ್ದಿ ತಿದ್ದಿ ಬರೆದು ಟಪಾಲಿನಲ್ಲಿ ಕಳಿಸಿದೆ.

ಫೋನಿನಲ್ಲಿ ನುಡಿಸಿ ಕೇಳಿಸಿದಳು. ಅಂಕಿ ಎಲ್ಲ ಸರಿ, ಪದ ಮಾತ್ರ ಓಡುತ್ತಿತ್ತು. ಸಾದಾ ಟ್ಯಾಬಿನಲ್ಲಿ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬ ಗುರುತಿಲ್ಲ. ಕಲ್ಲು ಒಂದು ಸುತ್ತು ಮುಗಿಯುವ ತನಕ ಅವ್ವ ಒಂದೇ ಸ್ವರದ ಮೇಲೆ ನಿಲ್ಲುತ್ತಿದ್ದಳು. ಅದನ್ನು ಹೇಗೆ ಬರೆಯಲಿ? ಕಡೆಗೆ ಭಾತಖಂಡೆಯವರ ಅವಗ್ರಹವನ್ನೇ ಸಾಲ ತಂದೆ. ನಿಲ್ಲುವ ಪ್ರತಿ ಮಾತ್ರೆಗೊಂದರಂತೆ ಅಂಕಿಯ ಮುಂದೆ ಹಾಕಿ ಮತ್ತೆ ಕಳಿಸಿದ್ದೇನೆ.

ಬೇಸಿಗೆ ರಜೆಗೆ ಬರುತ್ತಾಳೆ. ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು ಒಳಗೆ ತಂದಿಟ್ಟಿದ್ದೇನೆ.