ಹಿಮದಲ್ಲಿ ಕಲಿತ ಪ್ರಥಮ ಚಿಕಿತ್ಸೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



"ಅಮೆರಿಕದಲ್ಲಿ ಏನು ಮಾಡ್ತೀಯಪ್ಪಾ?" ಎಂದು ಬೆಳಿಗ್ಗೆಯಿಂದ ಹತ್ತಾರು ಜನ ಕೇಳಿದರು. ಕಂಪ್ಯೂಟರ್ ಕೆಲಸ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಚಳಿಗಾಲದ ಶನಿವಾರ, ಭಾನುವಾರ ಸಂಬಳವಿಲ್ಲದೆ ಮಾಡುವ ಇನ್ನೊಂದು ಕೆಲಸ ಇದೆ. ಅದರ ಬಗ್ಗೆ ಹೇಳುತ್ತೇನೆ.

ನಾನಿರುವುದು ಕೊಲರಾಡೊ ರಾಜ್ಯದ ಡೆನ್ವರ್ ಹತ್ತಿರ. ಪಶ್ಚಿಮಕ್ಕೆ ರಾಕಿ ಪರ್ವತಗಳು. ಅಲ್ಲಿನ ಬರ್ಥಡ್ ಪಾಸ್ ಎಂಬಲ್ಲಿ ಬಸ್ಸು ಕಾರು ಓಡಾಡುವ ರಸ್ತೆಯೇ 11,307 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಕಾಲಿಗೆ ಸ್ಕೀ ಎಂಬ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಜನ ಹಿಮದ ಮೇಲೆ ಜಾರುತ್ತಾರೆ. ಟಿಕೆಟ್ ಕೊಟ್ಟು ಜಾರುವ ಜಾಗಗಳಲ್ಲಿ ಕಾವಲಿರುತ್ತದೆ. ಅದರಾಚೆಯ ಕಾಡುಗುಡ್ಡಗಳಲ್ಲಿ ಯಾರೂ ಇರುವುದಿಲ್ಲ. ಅಂಥ ಕಡೆ ಗಸ್ತು ತಿರುಗುವ ಸ್ವಯಂಸೇವಕರ ತಂಡದಲ್ಲಿ ನಾನೊಬ್ಬ. ಶಾಲಾ ಶಿಕ್ಷಕಿ, ನಲ್ಲಿ ರಿಪೇರಿಯವರು, ನಿವೃತ್ತ ನರ್ಸ್ ಎಲ್ಲ ಇದ್ದಾರೆ. ಸೇರುವ ಮೊದಲು ತಿಂಗಳುಗಟ್ಟಲೆ ಪ್ರಥಮ ಚಿಕಿತ್ಸೆಯ ತರಬೇತಿ, ಆಮೇಲೆ ಪರೀಕ್ಷೆ. ಸ್ಕೀ ಪರೀಕ್ಷೆಯಲ್ಲಿ ನಾನು ಒಂದು ಸಲ ಫೇಲಾದೆ. ಮಳೆಯನ್ನೇ ಅಪರೂಪಕ್ಕೆ ನೋಡಿದ ಧರ್ಮಪುರದವನಿಗೆ ಹಿಮದ ಮೇಲೆ ನಿಲ್ಲುವುದು ಸುಲಭವೇ?

ಇಂಥ ತಂಡಗಳು ಶುರುವಾದ ಕಥೆ ಚಿಕ್ಕದು. 1936ರಲ್ಲಿ ಮಿನಿ ಡೋಲ್ ಎಂಬಾತ ಸ್ಕೀ ಮಾಡುವಾಗ ಬಿದ್ದು ಪಾದದ ಕೀಲು ಮುರಿದುಕೊಂಡ. ಸಹಾಯಕ್ಕೆ ಬರುವವರಿಲ್ಲದೆ ಗೆಳೆಯರೇ ಅವನನ್ನು ಚಾವಣಿಯ ತಗಡಿನ ಮೇಲೆ ಮಲಗಿಸಿ ಎಳೆದುಕೊಂಡು ಬಂದರು. 1938ರಲ್ಲಿ ಆತನೇ ನ್ಯಾಷನಲ್ ಸ್ಕೀ ಪೆಟ್ರೋಲ್ ಕಟ್ಟಿದ. ಈಗ ತಗಡಿನ ಬದಲು ಜಾರುಬಂಡಿ ಇದೆ; ಎಳೆಯುವವರು ಮನುಷ್ಯರೇ.

ಅಲ್ಲಿನ ದೊಡ್ಡ ಭಯ ಹಿಮಕುಸಿತ. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮ ನೆಲದ ಮೇಲೆ ಸಕ್ಕರೆಯ ಹಾಗೆ ಪುಡಿಪುಡಿಯಾಗುತ್ತದೆ. ಆಮೇಲೆ ಬಿದ್ದ ಹಿಮ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಇಳಿಜಾರು ಕಣದಲ್ಲಿ ರಾಗಿ ಹರಡಿ, ಮೇಲೆ ಚಪ್ಪಡಿ ಇಟ್ಟ ಹಾಗೆ. ಒಬ್ಬ ಮನುಷ್ಯನ ಭಾರ ಬಿದ್ದರೆ ಸಾಕು, ಇಡೀ ಚಪ್ಪಡಿ ಜಾರುತ್ತದೆ. ನಿಂತ ಮೇಲೆ ಆ ಹಿಮ ಗಾರೆಯಂತೆ ಬಿಗಿಯುತ್ತದೆ. ಒಳಗಿದ್ದವನಿಗೆ ಬೆರಳು ಅಲ್ಲಾಡಿಸಲೂ ಆಗುವುದಿಲ್ಲ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೀಗೇ ಹೂತುಹೋದದ್ದು ನಿಮಗೆ ನೆನಪಿರಬೇಕು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೂ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆರು ದಿನ ಉಸಿರು ಹಿಡಿದದ್ದು ಅಪರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಮೂವರಲ್ಲಿ ಒಬ್ಬರು.

ಅಂದರೆ ಫೋನ್ ಮಾಡಿ ನಮ್ಮ ತಂಡ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಚಳಿಗಾಲ ಬೇಕಾಯಿತು. ಗುಡ್ಡಕ್ಕೆ ಹೋಗುವವರು ಮೂರು ಸಾಮಾನು ಒಯ್ಯಬೇಕು: ಅಂಗಿಯೊಳಗೆ ಕಟ್ಟಿಕೊಳ್ಳುವ, 457 ಕಿಲೋಹರ್ಟ್ಸ್‌ನಲ್ಲಿ ಸದ್ದು ಕಳಿಸುವ ಪುಟ್ಟ ರೇಡಿಯೋ, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ. ಒಮ್ಮೆ ನಾವು ಏದುಸಿರು ಬಿಡುತ್ತ ತಲುಪಿದಾಗ ಹೂತುಹೋಗಿದ್ದ ಹುಡುಗ ಎದ್ದು ಕೂತಿದ್ದ. ಇಬ್ಬರು ಗೆಳೆಯರೇ ಅವನನ್ನು ತೆಗೆದಿದ್ದರು. ನಾವು ಮಾಡಿದ್ದು ಬೆಚ್ಚಗೆ ಹೊದಿಸಿ ಜಾರುಬಂಡಿ ಎಳೆದದ್ದಷ್ಟೇ. ಇನ್ನೊಮ್ಮೆ ಹೂತವನ ಹತ್ತಿರ ರೇಡಿಯೋ ಇರಲಿಲ್ಲ. ಸಾಲಾಗಿ ನಿಂತು ಹೆಜ್ಜೆಗೊಮ್ಮೆ ಕೋಲು ಚುಚ್ಚುತ್ತ ಹೋದೆವು. ಎರಡು ಗಂಟೆಯ ಮೇಲೆ ಅವನು ಸಿಕ್ಕಿದ್ದು ನನ್ನ ಕೋಲಿಗೆ. ಮೆತ್ತಗೆ ತಗುಲಿದ ಆ ಸ್ಪರ್ಶ ಇನ್ನೂ ಕೈಯಲ್ಲಿದೆ.

ಆ ರಾತ್ರಿ ನನಗೆ ನೆನಪಾದದ್ದು ನಮ್ಮೂರಿನ ಬಾವಿ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೊಲದ ಬಾವಿಯಿಂದ ಒಬ್ಬ ಹುಡುಗನನ್ನು ಮೇಲೆತ್ತಿದರು. ಅವನ ಮನೆಯವರು ಇಲ್ಲಿರಬಹುದು, ಹೆಸರು ಹೇಳುವುದಿಲ್ಲ. ಬಿದ್ದ ಕೆಲವೇ ನಿಮಿಷಕ್ಕೆ ಎತ್ತಿದ್ದರು. ಐವತ್ತು ಜನ ಸೇರಿದ್ದೆವು. ಕೆಲವರು ತಲೆಕೆಳಗು ಹಿಡಿದರು, ಕೆಲವರು ಹೊಟ್ಟೆ ಅದುಮಿದರು, ಯಾರೋ ಗಾಡಿ ತರಲು ಓಡಿದರು. ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆ ಒತ್ತಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಒತ್ತಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಹೇಳಲಾರೆ. ನಾನು ಅಲ್ಲೇ ಪುಸ್ತಕದ ಚೀಲ ಹಿಡಿದು ನಿಂತಿದ್ದೆ.

ಇಲ್ಲಿ ಹಿಮವಿಲ್ಲ. ಬಾವಿ, ಕೃಷಿ ಹೊಂಡ ಇವೆ, ಶೇಂಗಾ ಹೊಲದಲ್ಲಿ ಹಾವಿದೆ, ರಸ್ತೆಯಲ್ಲಿ ಬೈಕಿದೆ. 108ಕ್ಕೆ ಫೋನ್ ಮಾಡಲೇಬೇಕು. ಗಾಡಿ ಬರುವವರೆಗೆ ಪಕ್ಕದಲ್ಲಿರುವುದು ನಾವೇ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಎರಡು ಅಂಗುಲ ಇಳಿಯುವಂತೆ ಒತ್ತಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ನಡೆಸಬಾರದು. ಅಲ್ಲಾಡದಂತೆ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಹೇಳಿದರೆ ಇಷ್ಟೇ. ಆದರೆ ಕೈಯಿಂದ ಮಾಡಿ ನೋಡದೆ ಬರುವುದಿಲ್ಲ; ಅಲ್ಲಿ ನಾವು ಪ್ರತಿ ವರ್ಷವೂ ಹೊಸದಾಗಿ ಮಾಡಿ ತೋರಿಸಬೇಕು.

ಅದಕ್ಕೆ ಬರುವಾಗ ಅಭ್ಯಾಸದ ಎರಡು ಗೊಂಬೆ ತಂದಿದ್ದೇನೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದವರು ಬೆಚ್ಚಿಬಿದ್ದರು. ಎರಡೂ ಶಾಲೆಗೇ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಹಾಲ್‌ನಲ್ಲಿ ಕಲಿಯೋಣ. ಆಸ್ಪತ್ರೆಯ ಸಿಸ್ಟರ್ ಕೂಡ ಬರುತ್ತೇನೆ ಎಂದಿದ್ದಾರೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು, ಆಟೋ ಓಡಿಸುವ ಅಣ್ಣಂದಿರು, ಅಮ್ಮಂದಿರು ಎಲ್ಲರೂ ಬನ್ನಿ. ಮೊಣಕಾಲೂರಿ ಕೂರಬೇಕಾಗುತ್ತದೆ, ಹಳೇ ಬಟ್ಟೆ ಸಾಕು. ಹಾಲ್‌ನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮಾತ್ರ ಯಾರಾದರೂ ಹೇಳಿ.