ಮಾಲ್ಗುಡಿಯ ಮನೆಯೂ ನಮ್ಮ ಮನೆಯೂ



ಶಂಕರನಾಗರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಅಭಿಮಾನಿಗಳು ಸೇರಿದೆಡೆಯಲ್ಲಿ, ಸ್ವಾಮಿಯ ಮನೆ ಯಾವುದು, ರೈಲುಗಾಡಿ ನಿಂತ ನಿಲ್ದಾಣ ಯಾವುದು ಎಂಬ ಚರ್ಚೆ ಏಳುವುದುಂಟು. ಮನೆ ಆಗುಂಬೆಯ ದೊಡ್ಡಮನೆ. ನಿಲ್ದಾಣ ಶಿವಮೊಗ್ಗ-ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿಯ ಹಳೆಯ ಕಟ್ಟಡವು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ಆರ್. ಕೆ. ನಾರಾಯಣರು ಮಾಲ್ಗುಡಿಯನ್ನು ಇಂಗ್ಲಿಷಿನಲ್ಲಿ ಕಲ್ಪಿಸಿದರು; 1986ರಲ್ಲಿ ದೂರದರ್ಶನಕ್ಕೆ ಬಂದಾಗ ಅದು ಹಿಂದಿಯಲ್ಲಿ ಮಾತನಾಡಿತು. ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್: ನೆಲವೂ ನಟರೂ ನಮ್ಮವೇ, ನುಡಿ ಮಾತ್ರ ಬೇರೆ. ಭಾರತವೆಲ್ಲವೂ ಮಲೆನಾಡಿನ ಹೆಂಚಿನ ಮನೆಯನ್ನು ಕಂಡಿತು. ಆ ಮನೆಯ ಮಾತನ್ನು ಕೇಳಲಿಲ್ಲ.

ಗಡಿನಾಡಿನವರಾದ ನಮಗೆ ಇದರಲ್ಲೊಂದು ಪಾಠವಿದೆ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಮನೆಗಳು ನಿಂತಲ್ಲೇ ನಿಂತವು. ಆದರೆ ಕಲ್ಲುಹೆಂಚುಗಳಿಗೆ ಕನ್ನಡ ಬಾರದು. ಮನೆಯು ಯಾವ ನುಡಿಗಾದರೂ ಎಡೆಗೊಡುತ್ತದೆ. ನಮ್ಮ ಮನೆಗಳು ಬರಿಯ ನೋಟದ ತಾಣಗಳಾಗಬಾರದು. ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಓದಲಿ. ನಡುಮನೆಯಲ್ಲಿ ಕರೆದರೆ ಕನ್ನಡದಲ್ಲಿಯೇ ಓಗೊಡಲಿ. ತೆಲುಗು ಸೋದರನುಡಿ, ಅದನ್ನೂ ಆದರದಿಂದ ಕಲಿಯೋಣ. ಮನೆಮಾತನ್ನು ಮಾತ್ರ ಬಿಡದಿರೋಣ.